ಅತ್ತೆಯ ಕಿಡ್ನಿ, ಸೊಸೆಯ ಮೈ

ನಮ್ಮ ಬೀದಿಯಲ್ಲಿ ಹಳೆಯ ಹಾಸಿಗೆ, ಸೋಫಾ, ಕುರ್ಚಿಯ ಮೆತ್ತೆಗಳನ್ನು ರಿಪೇರಿ ಮಾಡುವ ಅಂಗಡಿಯೊಂದಿದೆ. ಅದನ್ನು ನಡೆಸುತ್ತಿದ್ದವರು ಇಬ್ಬರು ಹೆಂಗಸರು, ಅತ್ತೆ ಮತ್ತು ಸೊಸೆ. ಅತ್ತೆಗೆ ಬೀದಿಯವರಿಟ್ಟ ಹೆಸರು ದಬ್ಬಣದಮ್ಮ. ಹಾಸಿಗೆ ಹೊಲಿಯುವ ಆ ಉದ್ದನೆಯ ಸೂಜಿ ಸದಾ ಆಕೆಯ ಕೈಯಲ್ಲಿರುತ್ತಿತ್ತು ಅನ್ನುವುದು ಒಂದು ಕಾರಣ. ಆಕೆಯ ನಾಲಿಗೆ ಇನ್ನೊಂದು ಕಾರಣ. ಸೊಸೆಗೆ ಬೇರೆ ಹೆಸರೇ ಇರಲಿಲ್ಲ. ಗಿರಾಕಿಗಳಿಂದ ಹಿಡಿದು ಎದುರು ಮನೆಯ ಟೈಲರ್‌ವರೆಗೆ ಎಲ್ಲರಿಗೂ ಅವಳು ಸೊಸೆಯೇ.

ಅವಳು ಮದುವೆಯಾಗಿ ಬಂದ ಕೆಲವೇ ವರ್ಷಗಳಲ್ಲಿ ಗಂಡ ಬೇರೊಬ್ಬಳ ಜೊತೆ ಊರು ಬಿಟ್ಟ. ಮಕ್ಕಳಿರಲಿಲ್ಲ. ಇನ್ನು ಇವಳು ಗಂಟುಮೂಟೆ ಕಟ್ಟಿ ತವರಿಗೆ ಹೋಗುತ್ತಾಳೆ ಎಂದೇ ನಾವೆಲ್ಲ ಅಂದುಕೊಂಡಿದ್ದೆವು. ಅವಳು ನಿಜಕ್ಕೂ ಚೀಲ ತುಂಬಿಕೊಂಡು ಬಾಗಿಲಿಗೆ ಬಂದಾಗ ದಬ್ಬಣದಮ್ಮ ಒಂದು ಗಾದಿಯ ಅಂಚು ಹೊಲಿಯುತ್ತಿದ್ದಳಂತೆ. ತಲೆಯನ್ನೂ ಎತ್ತಲಿಲ್ಲ.

"ಹೋದವನು ಅವನು. ನೀನ್ಯಾಕೆ ಹೋಗ್ಬೇಕು? ಆ ಕಡೆ ಅಂಚು ಹಿಡ್ಕೋ."

ಸೊಸೆ ಚೀಲ ಕೆಳಗಿಟ್ಟು ಅಂಚು ಹಿಡಿದುಕೊಂಡಳು. ಆ ವಿಷಯ ಅಲ್ಲಿಗೆ ಮುಗಿಯಿತು.

ಅಂಗಡಿಯೆಂದರೆ ಮನೆಯ ಮುಂದಿನ ಕೋಣೆಯೇ. ಮಧ್ಯದಲ್ಲಿ ಮೊಣಕಾಲೆತ್ತರದ ಅಗಲವಾದ ಹಲಗೆ, ಮೂಲೆಯಲ್ಲಿ ಕಾಲಲ್ಲಿ ತುಳಿಯುವ ಮಷೀನು, ಗೋಡೆಯ ತುಂಬ ದಾರದ ಉಂಡೆಗಳು. ಹಳೆಯ ಹಾಸಿಗೆ ಬಂದರೆ ಮೊದಲು ಹೊಲಿಗೆ ಬಿಚ್ಚಬೇಕು. ಒಳಗೆ ಗಂಟು ಕಟ್ಟಿದ ಹತ್ತಿಯನ್ನೋ ನಾರನ್ನೋ ಹೊರಗೆಳೆದು, ಬಿಡಿಸಿ, ಬಡಿದು, ಬಿಸಿಲಿಗೆ ಹಾಕಿ, ಕೆಟ್ಟಿದ್ದನ್ನು ಎಸೆದು, ಉಳಿದದ್ದಕ್ಕೆ ಹೊಸದು ಸೇರಿಸಿ ತುಂಬಬೇಕು. ಆ ಹೊತ್ತಿನಲ್ಲಿ ಅಂಗಡಿಯೊಳಗೆ ಹೆಜ್ಜೆಯಿಟ್ಟವರಿಗೆ ಧೂಳು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಧೂಳಿನೊಳಗಿಂದ ಇಬ್ಬರ ಜಗಳ ಮಾತ್ರ ಕೇಳುತ್ತಿತ್ತು. ಹೊಲಿಗೆ ದೂರವಾಯಿತು, ಹತ್ತಿ ಜಾಸ್ತಿಯಾಯಿತು, ಚಹಾಕ್ಕೆ ಸಕ್ಕರೆ ಕಡಿಮೆಯಾಯಿತು. ಬೆಳಗಿನಿಂದ ಸಂಜೆವರೆಗೆ ಬಾಯಿಗೆ ಬಿಡುವಿಲ್ಲ, ಕೈಗೂ ಬಿಡುವಿಲ್ಲ. ಒಂದು ದಿನ ಅಲ್ಲಿ ಸದ್ದಿಲ್ಲದಿದ್ದರೆ ಯಾರಿಗೋ ಹುಷಾರಿಲ್ಲ ಎಂದು ನಾವು ತಿಳಿಯುತ್ತಿದ್ದೆವು.

ಸದ್ದು ಕಡಿಮೆಯಾಗತೊಡಗಿದ್ದು ಸೊಸೆಯ ಬೆರಳು ಊದಿಕೊಂಡಾಗ. ಬೆಳಿಗ್ಗೆ ಎದ್ದರೆ ಸೂಜಿ ಹಿಡಿಯಲು ಆಗುತ್ತಿರಲಿಲ್ಲ. ಬಿಸಿನೀರಿನಲ್ಲಿ ಕೈ ಅದ್ದಿಕೊಂಡು ಕೂರುತ್ತಿದ್ದಳು. ಆಮೇಲೆ ಮೂಗಿನ ಎರಡೂ ಪಕ್ಕ, ಕೆನ್ನೆಯ ಮೇಲೆ ಕೆಂಪು ಹರಡಿತು. ಬಾಚಣಿಗೆಯಲ್ಲಿ ಕೂದಲು ಕಂತೆಕಂತೆಯಾಗಿ ಬರತೊಡಗಿತು. ಔಷಧದಂಗಡಿಯವನು ನೋವಿನ ಮಾತ್ರೆ ಕೊಟ್ಟ. ಪಾದ ಊದಿ ಚಪ್ಪಲಿ ಹಿಡಿಯದಾದಾಗ, ಮೂತ್ರದಲ್ಲಿ ಸೋಪಿನ ಹಾಗೆ ನೊರೆ ಬರುತ್ತದೆಂದು ಅವಳು ಬಾಯಿಬಿಟ್ಟಾಗ, ದಬ್ಬಣದಮ್ಮ ಅಂಗಡಿಗೆ ಬೀಗ ಹಾಕಿ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದಳು.

ಅಲ್ಲಿನ ಕಿಡ್ನಿ ಡಾಕ್ಟರು ಎತ್ತರದ ಹೆಂಗಸು. ಮಂಚದ ಅಂಚಿನಲ್ಲಿ ಕೂತು ನಿಧಾನವಾಗಿ ಹೇಳಿದರಂತೆ. ನಮ್ಮೆಲ್ಲರ ರಕ್ತದಲ್ಲಿ ಬಿಳಿಯ ಕಣಗಳಿವೆ, ಹುಟ್ಟುವುದು ಎಲುಬಿನ ಮಜ್ಜೆಯಲ್ಲಿ. ಹೊರಗಿನಿಂದ ನುಗ್ಗಿದ ರೋಗಾಣುವನ್ನು ಕೆಲವು ಸಿಕ್ಕಲ್ಲೇ ನುಂಗುತ್ತವೆ. ಕೆಲವು ಅದರ ಮೈಗೆ ಅಂಟಿಕೊಳ್ಳುವಂಥ ವಸ್ತುವನ್ನು ತಯಾರಿಸಿ ಬಿಡುತ್ತವೆ. ಇನ್ನು ಕೆಲವು ಒಮ್ಮೆ ಕಂಡ ವೈರಿಯ ಚಹರೆಯನ್ನು ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತವೆ. ಮನೆಯವರ ಮೇಲೆ ಕೈಮಾಡಬಾರದು ಎಂಬ ಪಾಠ ಇವಕ್ಕೆ ಮೊದಲೇ ಆಗಿರುತ್ತದೆ. ಎದೆಯ ಮೂಳೆಯ ಹಿಂದೆ ಪುಟ್ಟದೊಂದು ಗ್ರಂಥಿಯಿದೆ, ಅಲ್ಲಿ ಅವುಗಳಲ್ಲಿ ಒಂದು ಬಗೆಯವನ್ನು ಪರೀಕ್ಷೆ ಮಾಡಿ, ಸ್ವಂತ ಮೈಯನ್ನೇ ಕಚ್ಚಲು ಹೊರಟವನ್ನು ಅಲ್ಲೇ ಮುಗಿಸಲಾಗುತ್ತದೆ. ಆದರೂ ಕೆಲವು ಕಣ್ತಪ್ಪಿಸಿ ಹೊರಬೀಳುತ್ತವೆ. ಹೆಚ್ಚಿನವರಲ್ಲಿ ಅವು ತೆಪ್ಪಗಿರುತ್ತವೆ. ಇವಳಲ್ಲಿ ಎದ್ದು ಕೂತಿವೆ. ಕೀಲು, ಚರ್ಮ, ಈಗ ಕಿಡ್ನಿ.

"ಅಂದ್ರೆ ಇವಳ ಮೈಗೆ ಇವಳೇ ಬೇಡವಾದ್ಲಾ?" ಎಂದು ದಬ್ಬಣದಮ್ಮ ಕೇಳಿದಳು.

"ಬೇಡ ಅಂತಲ್ಲಮ್ಮ. ಗುರುತು ಸಿಗ್ತಿಲ್ಲ" ಎಂದರು ಡಾಕ್ಟರು.

ಔಷಧ ಶುರುವಾದರೂ ತಡವಾಗಿತ್ತು. ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆ ಮೂರು ಸಲ ಡಯಾಲಿಸಿಸ್ ಎಂದಾಯಿತು. ಯಾರಾದರೂ ಒಂದು ಕಿಡ್ನಿ ಕೊಟ್ಟರೆ ಕೂರಿಸಬಹುದು ಎಂದಾಗ ತವರಿನಿಂದ ಅಣ್ಣ ಬಂದ. ಅವನ ರಕ್ತ ಹೊಂದಲಿಲ್ಲ, ಹೊಂದದೇ ಹೋದದ್ದಕ್ಕೆ ಅವನ ಮುಖದಲ್ಲಿ ಸಮಾಧಾನ ಕಂಡಿತು ಎಂದು ದಬ್ಬಣದಮ್ಮ ಬೀದಿಗೆಲ್ಲ ಹೇಳಿದಳು. ಆಮೇಲೆ ಯಾರನ್ನೂ ಕೇಳದೆ ತಾನೇ ಹೋಗಿ ತೋಳು ಚಾಚಿದಳು. ಹೊಂದಿತು. ಅರವತ್ತು ದಾಟಿದ್ದರೂ ಆಕೆಯ ಕಿಡ್ನಿಗಳು ಗಟ್ಟಿಮುಟ್ಟಾಗಿದ್ದವು.

ರಕ್ತಸಂಬಂಧ ಇಲ್ಲದವರು ಕೊಡುವುದಾದರೆ ಒಪ್ಪಿಗೆ ಕೊಡಲು ಒಂದು ಸಮಿತಿ ಇತ್ತು. ಉದ್ದ ಮೇಜಿನ ಹಿಂದೆ ಕೂತವರು, ನಿಮಗೆ ಯಾರಾದರೂ ಒತ್ತಾಯ ಮಾಡಿದ್ದಾರಾ ಎಂದು ಕೇಳಿದರು.

"ಒತ್ತಾಯ ನಾನು ಮಾಡಿದ್ದು. ಅವಳು ಬೇಡ ಅಂತ ಊಟ ಬಿಟ್ಟು ಕೂತಿದ್ಲು. ಇಷ್ಟು ವರ್ಷ ನನ್ನ ಮಾತು ಅವಳಿಗೆ ಹಿಡಿಸ್ಲಿಲ್ಲ, ಕಿಡ್ನಿಯಾದ್ರೂ ಹಿಡಿಸುತ್ತಾ ನೋಡೋಣ" ಎಂದಳು. ಅವರಲ್ಲಿ ಒಬ್ಬರಿಗೆ ನಗು ತಡೆಯಲಾಗಲಿಲ್ಲವಂತೆ.

ಹಿಡಿಸಿತು. ಕಿಬ್ಬೊಟ್ಟೆಯ ಬಲಗಡೆ ಹೊಲಿದು ಕೂರಿಸಿದ ಕಿಡ್ನಿ ಅವತ್ತೇ ಕೆಲಸ ಶುರುಮಾಡಿತು. ಸೊಸೆಯ ಮುಖಕ್ಕೆ ಬಣ್ಣ ಬಂತು. ಅತ್ತೆ ಬೆಳಿಗ್ಗೆ ಬೇಗ ಏಳುವವಳು, ಅವಳ ಕಿಡ್ನಿಗೂ ಅದೇ ಚಾಳಿ, ಕೋಳಿಗಿಂತ ಮುಂಚೆ ಎಬ್ಬಿಸುತ್ತದೆ ಎಂದು ಸೊಸೆ ದೂರುತ್ತಿದ್ದಳು. ಬೀದಿಗೆ ಮತ್ತೆ ಜಗಳ ಕೇಳಿಸತೊಡಗಿತು.

ಆದರೆ ಅಕ್ಕರೆಯಿಂದ ಕೊಟ್ಟ ಕಿಡ್ನಿಯೆಂದು ಸೊಸೆಯ ಬಿಳಿಯ ಕಣಗಳಿಗೆ ಗೊತ್ತಿಲ್ಲ. ಅವಕ್ಕೆ ಅದು ಹೊರಗಿನದು. ಅದನ್ನು ತಿನ್ನದ ಹಾಗೆ ಅವನ್ನು ಮಂಕಾಗಿಸುವ ಮಾತ್ರೆಗಳನ್ನು ಅವಳು ದಿನವೂ ನುಂಗಬೇಕಿತ್ತು, ಬದುಕಿರುವ ತನಕ. ಮಂಕಾದ ಕಾವಲು ಕಿಡ್ನಿಯನ್ನು ಬಿಟ್ಟ ಹಾಗೆ ರೋಗವನ್ನೂ ಬಿಡುತ್ತದೆ. ಹಾಗಾಗಿ ಡಾಕ್ಟರು ಕಟ್ಟುನಿಟ್ಟು ಮಾಡಿದ್ದರು. ಹಸಿಯದು ತಿನ್ನಬಾರದು, ನೆಗಡಿಯವರ ಹತ್ತಿರ ಹೋಗಬಾರದು. ಎಲ್ಲಕ್ಕಿಂತ ಮುಖ್ಯ, ಹಳೆಯ ಹಾಸಿಗೆ ಬಿಚ್ಚಬಾರದು. ಅದರೊಳಗೆ ಬೂಷ್ಟು ಇರುತ್ತದೆ. ಕಣ್ಣಿಗೆ ಕಾಣದ ಅದರ ಪುಡಿಯನ್ನು ನಾವೆಲ್ಲ ದಿನವೂ ಉಸಿರಾಡುತ್ತೇವೆ, ಶ್ವಾಸಕೋಶದೊಳಗಿನ ಕಣಗಳು ಅದನ್ನು ಸದ್ದಿಲ್ಲದೆ ತಿಂದು ಮುಗಿಸುತ್ತವೆ. ಇವಳಲ್ಲಿ ಅವಕ್ಕೆ ಆ ತ್ರಾಣವಿಲ್ಲ.

ಅಂದಿನಿಂದ ಕೆಲಸ ಹಂಚಿಕೆಯಾಯಿತು. ಬಿಚ್ಚುವುದು, ಬಡಿಯುವುದು ಹಿತ್ತಲಲ್ಲಿ ಅತ್ತೆ. ಹೊಸ ಬಟ್ಟೆ ಕತ್ತರಿಸುವುದು, ಹೊಲಿಯುವುದು ಒಳಗೆ ಸೊಸೆ. ಕೆಲವು ವರ್ಷ ಹೀಗೇ ನಡೆಯಿತು.

ಒಂದು ಮಳೆಗಾಲ ನದಿ ಉಕ್ಕಿ ಹಾಸ್ಟೆಲೊಂದಕ್ಕೆ ನೀರು ನುಗ್ಗಿತು. ನೆಂದ ಹಾಸಿಗೆಗಳನ್ನು ಲಾರಿಯಲ್ಲಿ ತಂದು ಹಿತ್ತಲಲ್ಲಿ ಒಟ್ಟಿದರು. ದಬ್ಬಣದಮ್ಮನಿಗೆ ಆಗಲೇ ಮಂಡಿ ನೋವು, ಕೂತರೆ ಏಳಲು ಗೋಡೆ ಹಿಡಿಯಬೇಕು. ದಿನಗಟ್ಟಲೆ ಒಬ್ಬಳೇ ಬಿಚ್ಚಿದಳು. ಒಂದು ಬೆಳಿಗ್ಗೆ ನೋವು ತಡೆಯದೆ, ಇವುಗಳ ಜೊತೆ ನಾನೊಬ್ಬಳೇ ಸಾಯಬೇಕು ಎಂದು ಗೊಣಗಿಕೊಂಡು ಮಂಡಿಗೆ ಔಷಧ ತರಲು ಹೋದಳು. ಗೊಣಗಿದ್ದು ಒಳಗೆ ಕೇಳಿಸಿತ್ತು. ವಾಪಸು ಬರುವಷ್ಟರಲ್ಲಿ ಸೊಸೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಹಿತ್ತಲಲ್ಲಿ ಕೂತಿದ್ದಳು. ಸುತ್ತಲೂ ಕಪ್ಪು ಹಸಿರು ಚುಕ್ಕೆ ಹತ್ತಿದ ಹತ್ತಿಯ ರಾಶಿ. ಎರಡು ಹಾಸಿಗೆ ಆಗಲೇ ಬಿಚ್ಚಿ ಮುಗಿದಿದ್ದವು.

ಅವತ್ತಿನಂಥ ಜಗಳವನ್ನು ಬೀದಿಯವರು ಎಂದೂ ಕೇಳಿರಲಿಲ್ಲ. ದಬ್ಬಣದಮ್ಮನ ಧ್ವನಿ ಒಡೆದುಹೋಗಿತ್ತು. ಸೊಸೆಯನ್ನು ಎಳೆದುಕೊಂಡು ಹೋಗಿ ತಲೆಯಿಂದ ನೀರು ಸುರಿದಳು. ಸೊಸೆ ಮಾತ್ರ, ಬಟ್ಟೆ ಕಟ್ಟಿಕೊಂಡಿದ್ದೆನಲ್ಲ, ಏನೂ ಆಗುವುದಿಲ್ಲ ಎನ್ನುತ್ತಲೇ ಇದ್ದಳು.

ಸ್ವಲ್ಪ ದಿನ ಏನೂ ಆಗಲಿಲ್ಲ. ಆಮೇಲೆ ಒಣಕೆಮ್ಮು ಹಿಡಿಯಿತು. ಜ್ವರ ಬರಲಿಲ್ಲ. ಜ್ವರ ಬರಿಸಬೇಕಾದವೂ ಆ ಕಣಗಳೇ ತಾನೇ. ಹಾಗಾಗಿ ಇಬ್ಬರೂ ನೆಗಡಿ ಇರಬೇಕೆಂದುಕೊಂಡರು. ಉಸಿರೆಳೆದರೆ ಪಕ್ಕೆಯಲ್ಲಿ ಚಳಕು ಬಂದಾಗ, ಕಫದಲ್ಲಿ ರಕ್ತದ ಎಳೆ ಕಂಡಾಗ ಆಸ್ಪತ್ರೆಗೆ ಓಡಿದರು. ಸ್ಕ್ಯಾನಿನಲ್ಲಿ ಬಲಗಡೆಯ ಶ್ವಾಸಕೋಶದ ತುಂಬ ಬಿಳಿಯ ಗಂಟುಗಳು. ಶ್ವಾಸನಾಳದೊಳಗೆ ಕೊಳವೆ ಇಳಿಸಿ ತೊಳೆದು ತೆಗೆದ ನೀರಿನಲ್ಲಿ ಬೂಷ್ಟು ಬೆಳೆಯಿತು.

ಬೂಷ್ಟಿಗೆ ಔಷಧ ಹಾಕಿದರು. ವಾರಗಟ್ಟಲೆ ಹಾಕಿದರೂ ಗಂಟುಗಳು ದೊಡ್ಡದಾಗುತ್ತಲೇ ಹೋದವು. ಕೊನೆಗೆ ಡಾಕ್ಟರು ಮತ್ತೆ ಮಂಚದ ಅಂಚಿನಲ್ಲಿ ಬಂದು ಕೂತರು. ಔಷಧವೊಂದರಿಂದಲೇ ಆಗುವುದಿಲ್ಲ, ಅವಳ ಸ್ವಂತ ಕಾವಲು ಏಳಬೇಕು ಎಂದರು. ಏಳಬೇಕಾದರೆ ಮಂಕಾಗಿಸುವ ಮಾತ್ರೆಗಳನ್ನು ನಿಲ್ಲಿಸಬೇಕು, ಒಂದೆರಡನ್ನು ತೀರಾ ಇಳಿಸಬೇಕು. ಎದ್ದರೆ ಅದು ಬೂಷ್ಟನ್ನೂ ತಿನ್ನುತ್ತದೆ, ಕಿಡ್ನಿಯನ್ನೂ ತಿನ್ನುತ್ತದೆ. ಇದು ಬೇಕು ಅದು ಬೇಡ ಎಂದು ಹೇಳಿಕೊಡಲು ಬರುವುದಿಲ್ಲ.

ಸೊಸೆ ಹೊದಿಕೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಅದು ಅವರದ್ದು. ನಾನು ಹೇಗೆ ಬೇಡ ಅನ್ನಲಿ?" ಎಂದಳು.

ದಬ್ಬಣದಮ್ಮ ಅವಳ ಕಡೆ ನೋಡಲಿಲ್ಲ. ಡಾಕ್ಟರಿಗೆ ಹೇಳಿದಳು, "ನಿಲ್ಲಿಸಿ. ಇವಳು ಬದುಕಲಿ ಅಂತ ಕಿಡ್ನಿ ಕೊಟ್ಟೆ. ಕಿಡ್ನಿ ಬದುಕಲಿ ಅಂತ ಇವಳನ್ನ ಕೊಡಲ್ಲ."

ಮಾತ್ರೆ ನಿಲ್ಲಿಸಿದರು. ಕೆಮ್ಮು ಇಳಿಮುಖವಾಗುವುದಕ್ಕೂ ಹೊಟ್ಟೆಯ ಬಲಗಡೆ ಊದುವುದಕ್ಕೂ ಸರಿಹೋಯಿತು. ಅಲ್ಲಿ ಕೈಯಿಟ್ಟರೆ ಸುಡುತ್ತಿತ್ತು. ನೋವಿಗೆ ಸೊಸೆ ಹಲ್ಲು ಕಚ್ಚಿಕೊಂಡು ಮಲಗಿರುತ್ತಿದ್ದಳು. ಮೂತ್ರ ದಿನದಿನಕ್ಕೆ ಇಳಿಯುತ್ತಾ ಬಂದು ಒಂದು ದಿನ ನಿಂತುಹೋಯಿತು. ಊತ ಇಳಿಯದಿದ್ದಾಗ ಕಿಡ್ನಿಯನ್ನು ತೆಗೆದುಬಿಟ್ಟರು. ಅದನ್ನೇನು ಮಾಡಿದಿರಿ ಎಂದು ದಬ್ಬಣದಮ್ಮ ನರ್ಸನ್ನು ಕೇಳಿದಳು. ಪರೀಕ್ಷೆಗೆ ಸ್ವಲ್ಪ ತೆಗೆದಿಟ್ಟು ಉಳಿದದ್ದನ್ನು ಸುಡುತ್ತೇವೆ ಎಂದಳು ನರ್ಸು. ಹೂಂ ಎಂದು ಆಕೆ ಹೊರಗೆ ಬೆಂಚಿನ ಮೇಲೆ ಹೋಗಿ ಕೂತಳು. ಆಮೇಲೊಮ್ಮೆ ಡಾಕ್ಟರನ್ನು ಒಂಟಿಯಾಗಿ ಹಿಡಿದು, ನನ್ನ ಹತ್ತಿರ ಇನ್ನೊಂದಿದೆ, ನಾನು ಡಯಾಲಿಸಿಸ್ ಮಾಡಿಸಿಕೊಂಡರೆ ಆಗುತ್ತಲ್ಲ ಎಂದು ಕೇಳಿದಳಂತೆ. ಹಾಗೆ ತೆಗೆದುಕೊಳ್ಳಲು ಯಾವ ಡಾಕ್ಟರೂ ಒಪ್ಪುವುದಿಲ್ಲ ಎಂದು ಅವರು ಹೇಳಿದರು.

ಸೊಸೆ ಮನೆಗೆ ಬಂದಳು. ಮತ್ತೆ ಡಯಾಲಿಸಿಸ್. ತೂಕ ಅರ್ಧಕ್ಕಿಳಿದಿತ್ತು. ಆದರೆ ಹೊಸ ಸ್ಕ್ಯಾನಿನಲ್ಲಿ ಗಂಟುಗಳು ಕುಗ್ಗಿದ್ದವು, ಡಾಕ್ಟರು ಮೊದಲ ಸಲ ಚೆನ್ನಾಗಿದೆ ಎಂದಿದ್ದರು. ಅಂಗಡಿಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಅವಳು ದಿಂಬಿನ ಬಟ್ಟೆಗೆ ಅಂಚು ಮಡಿಸುತ್ತಿದ್ದಳು. ದೂರ ದೂರ ಹೊಲಿಯುತ್ತೀಯ ಎಂದು ಒಳಗಿನಿಂದ ಅತ್ತೆಯ ಬೈಗುಳ ಕೇಳುತ್ತಿತ್ತು. ನಮಗೆಲ್ಲ ಜೀವ ಬಂದಂತಾಯಿತು.

ಹಾಗೆ ಕೂತಿದ್ದಾಗಲೇ ಒಂದು ಬೆಳಿಗ್ಗೆ ಕೆಮ್ಮಿದಳು. ಬಾಯಿಂದ ರಕ್ತ ಬಂತು, ಎಳೆಯಲ್ಲ, ಧಾರೆ. ದಬ್ಬಣದಮ್ಮ ಕೈಯಲ್ಲಿದ್ದ ಬಟ್ಟೆಯನ್ನೆಲ್ಲ ಒತ್ತಿ ಹಿಡಿದಳು. ಟೈಲರ್ ಗಾಡಿ ಕರೆಯಲು ಓಡಿದ. ಗಾಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಕಾಗದಪತ್ರಕ್ಕೆಂದು ಆಸ್ಪತ್ರೆಗೆ ಹೋದಾಗ ನಾನೂ ದಬ್ಬಣದಮ್ಮನ ಜೊತೆಗಿದ್ದೆ. ಶ್ವಾಸಕೋಶದಲ್ಲಿ ಬೂಷ್ಟು ತಿಂದ ಭಾಗ ಸತ್ತಿತ್ತು, ಎದ್ದ ಕಣಗಳು ಸತ್ತದ್ದನ್ನು ಬಿಡಿಸಿ ಹಾಕುತ್ತಿದ್ದವು, ಅದು ಕಳಚುವಾಗ ಪಕ್ಕದ ರಕ್ತನಾಳ ಹರಿಯಿತು ಎಂದರು ಡಾಕ್ಟರು.

"ಅಂದ್ರೆ ವಾಸಿಯಾಗ್ತಿದ್ದದ್ದೇ ಕೊಂದಿತಾ?" ಎಂದು ದಬ್ಬಣದಮ್ಮ ಕೇಳಿದಳು.

ಡಾಕ್ಟರು ಕಾಗದಗಳನ್ನು ಆಕೆಯ ಕಡೆ ಸರಿಸಿದರು. "ಕೆಲವೊಮ್ಮೆ ಹಾಗೂ ಆಗುತ್ತಮ್ಮ" ಎಂದರು.

ಸುದ್ದಿ ಕೇಳಿ, ಊರು ಬಿಟ್ಟಿದ್ದ ಮಗ ಬಂದ. ತಲೆ ನರೆತಿತ್ತು. ತಾಯಿ ಊಟ ಹಾಕಿದಳು, ಮಲಗಲು ಜಾಗ ತೋರಿಸಿದಳು. ನನ್ನ ಜೊತೆ ಬಂದುಬಿಡು ಎಂದು ಅವನು ಕರೆದ. ಅಂಗಡಿ ಇದೆ ಎಂದಳು. ಹೊರಡುವಾಗ ಬಾಗಿಲಲ್ಲಿ ನಿಂತು, ನನ್ನ ಬಗ್ಗೆ ಅವಳು ಏನಾದರೂ ಹೇಳುತ್ತಿದ್ದಳಾ ಎಂದು ಕೇಳಿದ.

"ಇಲ್ಲ" ಎಂದಳು ದಬ್ಬಣದಮ್ಮ.

ಅವನು ಮಧ್ಯಾಹ್ನದ ಬಸ್ಸಿಗೆ ಹೋದ. ಮಾರನೆಯ ದಿನ ಅಂಗಡಿ ತೆರೆಯಿತು. ಜೋಡಿ ಹಾಸಿಗೆಯೊಂದು ಒಂದು ಮಗ್ಗುಲು ಹೊಲಿಗೆಯಾಗಿ ಹಲಗೆಯ ಮೇಲೆ ಬಿದ್ದಿತ್ತು. ಅದನ್ನು ಮಗುಚಲು ಒಬ್ಬಳಿಂದ ಆಗಲಿಲ್ಲ. ಟೈಲರನ್ನೂ ನನ್ನನ್ನೂ ಕೂಗಿದಳು. ನಾವಿಬ್ಬರೂ ಹಿಡಿದು ಮಗುಚಿದೆವು. ಸರಿಯಾಗಿ ಹಿಡಿಯಲಿಲ್ಲ ಎಂದು ಬೈಯುತ್ತಾಳೇನೋ ಎಂದು ಒಂದು ಗಳಿಗೆ ನಿಂತೆವು. ಬೈಯಲಿಲ್ಲ. ಗೋಡೆ ಹಿಡಿದು ಮಂಡಿ ಬಗ್ಗಿಸಿ ಕೂತು, ದಾರ ಪೋಣಿಸಿಕೊಂಡು, ಬೆಳಕು ಹೋಗುವವರೆಗೂ ಹೊಲಿಯುತ್ತಲೇ ಇದ್ದಳು.