ತಲುಪದ ಕುಂಕುಮ

ಅವ್ವ ನಿನ್ನನ್ನು ಕರೆದಿದ್ದಳು, ಅಕ್ಕ. ನನ್ನ ಮದುವೆಗೆ. ಕರೆಯಲಿಕ್ಕೆಂದು ನನ್ನನ್ನೇ ಗದ್ವಾಲಕ್ಕೆ ಕಳಿಸಿದ್ದಳು. ನಾನು ನಿನ್ನ ಬಾಗಿಲಿನ ತನಕ ಬಂದು — ಇಲ್ಲ, ಅಲ್ಲಿಯ ತನಕವೂ ಅಲ್ಲ, ನಿನ್ನ ಓಣಿಯ ಮೂಲೆಯ ತನಕ ಬಂದು — ಹಾಗೇ ಹಿಂದಿರುಗಿದೆ. ನಾರಾಯಣಪೇಟೆಗೆ ಹೋಗಿ ಅವ್ವನಿಗೆ, "ಅಕ್ಕ ಬರಂಗಿಲ್ಲ ಅಂದ್ಲು" ಎಂದೆ. ನೀನು ಅಂಥ ಮಾತು ಆಡಿರಲೇ ಇಲ್ಲ. ನಾನು ಬಂದದ್ದೇ ನಿನಗೆ ಗೊತ್ತಿರಲಿಲ್ಲ.

ಇಷ್ಟು ಹೇಳಲಿಕ್ಕೆ ಇಪ್ಪತ್ತು ವರ್ಷ ಬೇಕಾಯಿತು. ಮೊನ್ನೆ ನೀನು ಮಕ್ತಲಕ್ಕೆ ನನ್ನ ಮನೆಗೆ ಬಂದು, ನಿನ್ನ ಮಗಳು ಅನುಷಾಳ ಮದುವೆಯ ಕುಂಕುಮ ನನ್ನ ಹಣೆಗೆ ಹಚ್ಚಿ ಹೋದೆಯಲ್ಲ, ಅಂದಿನಿಂದ ಅನ್ನ ಇಳಿಯುತ್ತಿಲ್ಲ. ಗೇಟು ಸದ್ದಾದರೆ ಬೆಚ್ಚುತ್ತೇನೆ. ಫೋನಿನಲ್ಲಿ ನಿನ್ನ ಹೆಸರು ಕಂಡರೆ ಎತ್ತುವ ಮುನ್ನ ನೀರು ಕುಡಿಯುತ್ತೇನೆ. ಯಾರಾದರೂ ಹೇಳಿಬಿಟ್ಟರೆ? — ಯಾರು ಹೇಳಬೇಕು, ಗೊತ್ತಿರುವುದು ನನಗೊಬ್ಬಳಿಗೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವಳ ಬಾಳು ನನ್ನದು.

ನೀನು ಬೇರೆ ಜಾತಿಯ ಹುಡುಗನ ಕೈ ಹಿಡಿದು ಗದ್ವಾಲಕ್ಕೆ ಹೋದ ದಿನ ಅಪ್ಪ ಹೇಳಿದ್ದನ್ನು ನೀನು ಕೇಳಿಲ್ಲ. ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿ ಮಾಡಿ ಅವನ ಬಾಯಿಗೆ ಅಂಥ ಮಾತುಗಳೇ ಬರುತ್ತಿದ್ದವು. "ಅಕಿ ಈ ಮನಿಗೆ ಗೈರ್‌ಹಾಜರ್. ಯಾರೂ ಹೆಸರು ಎತ್ತಬ್ಯಾಡ್ರಿ," ಅಂದ. ಯಾರೂ ಎತ್ತಲಿಲ್ಲ. ಆದರೆ ಅವ್ವ ರೊಟ್ಟಿ ಬಡಿಯುವಾಗ ನಿನ್ನ ಪಾಲಿನದನ್ನೂ ಬಡಿದೇ ಏಳುತ್ತಿದ್ದಳು. ಕೇಳಿದರೆ, ಕೈ ರೂಢಿ ಬಿಡಬೇಕಲ್ಲ ಅನ್ನುತ್ತಿದ್ದಳು. ಆ ರೊಟ್ಟಿಯನ್ನು ಮರುದಿನ ಸಿಟ್ಟಿನಿಂದ ಮುರಿದು ತಿನ್ನುತ್ತಿದ್ದವಳು ನಾನು. ಕಣ್ಣೆದುರಿಗೆ ಇರುವವಳು ನಾನು, ಅವ್ವನ ಜೀವವೆಲ್ಲ ಇಲ್ಲದವಳ ಮೇಲೆ. ಹೌದು, ಹೊಟ್ಟೆಕಿಚ್ಚೂ ಇತ್ತು.

ಮಕ್ತಲದ ವ್ಯಾಪಾರಸ್ಥರ ಮನೆಗೆ ನನ್ನ ಸಂಬಂಧ ಕುದುರಿತು. ಅವರು ನಿನ್ನ ಬಗ್ಗೆ ಏನೂ ಕೇಳಲಿಲ್ಲ. ಕೇಳದೆ ಇದ್ದದ್ದೇ ನನಗೆ ಹೆದರಿಕೆ. ಅಂಥದರಲ್ಲಿ ಒಂದು ದಿನ ಅಪ್ಪ ಕಚೇರಿಗೆ ಹೋದ ಮೇಲೆ ಅವ್ವ ಕುಂಕುಮದ ಪೊಟ್ಟಣ ಕೈಗಿಟ್ಟಳು. ಸೀರೆ ತರುವ ನೆಪದಲ್ಲಿ ಗದ್ವಾಲಕ್ಕೆ ಹೋಗಬೇಕು, ನಿನ್ನನ್ನು ಕರೆದು ಬರಬೇಕು. ಫೋನಿನಲ್ಲಿ ಕರೆದರೆ ನಮ್ಮಲ್ಲಿ ಕರೆದಂತಲ್ಲ. ಮಗಳೇ ಆಗಲಿ, ಮನೆತನಕ ಹೋಗಿ ಹಣೆಗೆ ಕುಂಕುಮ ಹಚ್ಚಿ ಬಾ ಅನ್ನಬೇಕು. "ಅಪ್ಪನ್ನ ನಾ ನೋಡ್ಕೊಂತೀನಿ. ಸುರಗಿಗೆ ಐದನೇ ಮುತ್ತೈದಿ ಅಕೀನ ಆಗಬೇಕು ಅಂತ ಹೇಳು," ಅಂದಳು. ಮದುಮಗಳನ್ನು ನಡುವೆ ಕೂರಿಸಿ ನೀರೆರೆಯುವ ಐವರಲ್ಲಿ ಒಡಹುಟ್ಟಿದವಳು ಇರದಿದ್ದರೆ ಅವ್ವನ ಪಾಲಿಗೆ ಅದು ಸುರಗಿಯೇ ಅಲ್ಲ.

ನಾನು ಓಣಿಯ ಮೂಲೆಗೆ ಬಂದಾಗ ನೀನು ನಲ್ಲಿಯ ಹತ್ತಿರ ನಿಂತಿದ್ದೆ. ಕೂಸು ಟೊಂಕದ ಮೇಲಿತ್ತು. ಪಕ್ಕದ ಮನೆಯವಳ ಜೊತೆ ತೆಲುಗಿನಲ್ಲಿ ಏನೋ ಹೇಳಿ ಜೋರಾಗಿ ನಗುತ್ತಿದ್ದೆ. ಇವಳು ಬಂದೇ ಬರುತ್ತಾಳೆ ಅನ್ನಿಸಿತು — ಗಂಡನನ್ನೂ ಕರೆತರುತ್ತಾಳೆ, ಹಂದರದಲ್ಲಿ ಇದೇ ನಗು ನಗುತ್ತಾಳೆ, ಮಕ್ತಲದವರು ಎದ್ದು ಹೋಗುತ್ತಾರೆ. ಅಲ್ಲಿಂದಲೇ ಹಿಂದಿರುಗಿದೆ. ನೀನು ಅಳುತ್ತಿದ್ದರೆ ಓಡಿ ಬಂದು ಕರೆಯುತ್ತಿದ್ದೆನೋ ಏನೋ — ಇರಲಿ, ಅದು ನೆಪ.

ಕುಂಕುಮವನ್ನು ಕಂಡಲ್ಲಿ ಚೆಲ್ಲಬಾರದೆಂದು, ಬಸ್ಸು ಜುರಾಲದ ಅಣೆಕಟ್ಟೆಯ ಮೇಲೆ ಬಂದಾಗ ಕಿಟಕಿಯಿಂದ ಕೃಷ್ಣೆಗೆ ಬಿಟ್ಟೆ. ಪಾಪ ಮಾಡುವಾಗಲೂ ಶಾಸ್ತ್ರ ತಪ್ಪಲಿಲ್ಲ, ನೋಡು.

ಬರುವುದಿಲ್ಲವಂತೆ ಎಂದಾಗ ಅವ್ವ ನನ್ನ ಖಾಲಿ ಕೈ ನೋಡಿದಳು. ಆಮೇಲೆ, "ಕುಂಕುಮನಾದ್ರೂ ಹಚ್ಚಿಸ್ಕೊಂಡ್ಲೇನು?" ಎಂದು ಕೇಳಿದಳು. ಅವಳ ಮುಖ ನೋಡಲಾಗದೆ ಹ್ಞೂಂ ಎಂದೆ. ದಯೆ ತೋರಿಸಿದೆ ಅಂದುಕೊಂಡಿದ್ದೆ. ಅವ್ವನ ಕಣ್ಣು ಅರಳಿದವು. "ಹಚ್ಚಿಸ್ಕೊಂಡ್ಲಾ? ಹಂಗಾದ್ರ ಬರ್ತಾಳ ಬಿಡು. ಸಿಟ್ಟಿನ್ಯಾಗ ಅಂದಿರ್ತಾಳ." ಕುಂಕುಮ ಒಪ್ಪಿಕೊಂಡವಳು ಕರೆ ಒಪ್ಪಿಕೊಂಡಂತೆ. ಅಷ್ಟು ಸಣ್ಣ ವಿಷಯ ನನ್ನ ತಲೆಗೆ ಹೊಳೆದಿರಲಿಲ್ಲ.

ಸುರಗಿಯ ದಿನ ನಾಲ್ವರು ನೀರೆರೆದರು. ಐದನೇ ತಂಬಿಗೆಯನ್ನು ಅವ್ವ ಯಾರ ಕೈಗೂ ಕೊಡಲಿಲ್ಲ. ಬೀದಿಯಲ್ಲಿ ಆಟೋ ಸದ್ದಾದಾಗೆಲ್ಲ ಬಾಗಿಲಿಗೆ ಹೋಗಿ ಬಂದಳು. ಹೊತ್ತು ಮೀರುತ್ತದೆಂದು ಹೆಂಗಸರು ಗೊಣಗಿದರು. ನಾನು ಒದ್ದೆ ಬಟ್ಟೆಯಲ್ಲಿ ನಡುಗುತ್ತ ಕೂತಿದ್ದೆ, ಚಳಿ ಅಂದುಕೊಂಡರು. ಕೊನೆಗೆ ಸೋದರತ್ತೆ ಅವ್ವನ ಕೈಯಿಂದ ತಂಬಿಗೆ ಕಸಿದು ನನ್ನ ತಲೆಯ ಮೇಲೆ ಸುರಿದಳು.

ಅವ್ವ ಕಲ್ಲಾದದ್ದು ಆವತ್ತು. "ಕುಂಕುಮ ಹಚ್ಚಿಸ್ಕೊಂಡೂ ಬರಲಿಲ್ಲಲ್ಲ ಅಕಿ" — ಇದೊಂದೇ ಮಾತು, ಸಾಯುವ ತನಕ. ಹೆಚ್ಚಿನ ರೊಟ್ಟಿ ನಿಂತಿತು. ಯಾವ ಕಾರ್ಯಕ್ಕೂ ನಿನ್ನನ್ನು ಮತ್ತೆ ಕರೆಸಲಿಲ್ಲ. ನಾನು ಕಾದುಕೊಂಡ ಮರ್ಯಾದೆ ಎಂಥದು ಕೇಳು: ಮದುವೆಯಾಗಿ ಒಂದೆರಡು ವರ್ಷಕ್ಕೆ ನನ್ನ ಅತ್ತೆಯವರು, "ನಿಮ್ಮಕ್ಕನ ಸುದ್ದಿ ನಮಗ ಮೊದ್ಲ ಗೊತ್ತಿತ್ತವ್ವ. ಬಂದಿದ್ರ ನಾವೇನು ನುಂಗತಿದ್ವೇನು?" ಅಂದರು. ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ಆಗಲೂ ಹೇಳಬಹುದಿತ್ತು, ಅವ್ವ ಇದ್ದಳು. ಹೇಳಲಿಲ್ಲ.

ಬರಲಾಗದೆ ಉಳಿದವರು, ಬರಲೊಲ್ಲದೆ ಉಳಿದವರು, ಕರೆಯಿಲ್ಲದೆ ಉಳಿದವರು — ಇವರ ಗೈರುಹಾಜರಿ ದೂರದಿಂದ ನೋಡುವವರಿಗೆ ಒಂದೇ. ಒಳಗೆ ಮೂರೂ ಬೇರೆ. ನೀನು ಕರೆಯಿಲ್ಲದವಳು, ನಿನ್ನನ್ನು ಒಲ್ಲದವಳು ಮಾಡಿದವಳು ನಾನು. ಅವ್ವ ನಿನ್ನನ್ನು ಬೈದುಕೊಂಡಳು, ನೀನು ಅವ್ವನನ್ನು ಬೈದುಕೊಂಡೆ, ಇಬ್ಬರೂ ನನ್ನ ಹತ್ತಿರವೇ ಬಂದು ಅತ್ತಿರಿ.

ಸಾವಿಗೆ ಕರೆ ಬೇಕಿಲ್ಲವಲ್ಲ, ಆವತ್ತು ನೀನು ಬಂದೆ. ಅವ್ವನ ಪಾದ ಹಿಡಿದು ಕೂತವಳು ನನ್ನ ಕಡೆ ತಿರುಗಿ, "ಒಂದು ಸಲನಾದ್ರೂ ನನ್ನ ಕೇಳಿದ್ಲೇನ?" ಅಂದೆ. "ಕಡೀಕ ಯಾರ ಗುರ್ತೂ ಸಿಗತಿದ್ದಿಲ್ಲಕ್ಕ" ಎಂದು ನಾನಂದೆ. ಅದೂ ಸುಳ್ಳು. ಅವ್ವನಿಗೆ ಕೊನೆಯ ತನಕ ಎಲ್ಲರ ಗುರುತೂ ಇತ್ತು.

ಅನುಷಾಳ ಮದುವೆ ಹತ್ತಿರ ಬಂದಿದೆ. ಅವಳ ತಲೆಗೆ ನೀರೆರೆಯಲು ನನ್ನನ್ನು ಕರೆದಿದ್ದೀ. ಯಾರನ್ನು ಕರೆದಿದ್ದೀ ಎಂಬುದು ಅದಕ್ಕೂ ಮೊದಲು ನಿನಗೆ ಗೊತ್ತಿರಬೇಕು. ಈಗ ಮನಸ್ಸಿನಲ್ಲೇ ಹೇಳಿಕೊಂಡ ಇಷ್ಟನ್ನೂ ನಾಳೆ ಬೆಳಿಗ್ಗೆ ಬಂದು ನಿನ್ನ ಎದುರು ನಿಂತೇ ಹೇಳುತ್ತೇನೆ. ಕೇಳಿದ ಮೇಲೆ ಮದುವೆಗೆ ಬರಬೇಡ ಅಂದರೆ ಬರುವುದಿಲ್ಲ. ಚಿಕ್ಕಮ್ಮ ಕಾಣದಿದ್ದರೆ, ಪಿನ್ನಿ ಎಲ್ಲಿ ಎಂದು ಅನುಷಾ ಕೇಳುತ್ತಾಳೆ. ಆಗ ನನ್ನ ಮರ್ಯಾದೆ ಉಳಿಸಲು ಹೋಗಬೇಡ, ಅಕ್ಕ. ಆರಾಮಿಲ್ಲ, ಊರಲ್ಲಿಲ್ಲ ಎನ್ನಬೇಡ. ಬರಬೇಡ ಅಂದವಳು ನೀನೇ ಎಂದು ಹೇಳು. ಯಾಕೆ ಎಂಬುದನ್ನೂ ಹೇಳು.