ಮೊದಲ ಹಿಡಿ ತೌಡು

ಅತ್ತಿಗೆ, ಗಂಡುಹಂದಿಯನ್ನು ನಾನು ಒಂದು ದಿನವೂ ದೊಡ್ಡಿಗೆ ಕರೆತಂದಿರಲಿಲ್ಲ. ತಂದೆನೆಂದು ದಿನಾ ನಿಮಗೆ ಸುಳ್ಳು ಹೇಳಿದೆ.

ಬಾದನಹಟ್ಟಿಯ ನಮ್ಮ ಹೊಲದ ದೊಡ್ಡಿಯಲ್ಲಿ ಆಗ ಎರಡೇ ಎಳೆ ಹೆಣ್ಣುಹಂದಿಗಳು — ಕರಿ, ಬಿಳಿ. ನಿಮ್ಮ ಆಸೆಯೆಲ್ಲ ಅವುಗಳ ಮೇಲೆ. ಪ್ರಾಯ ತುಂಬಿದರೂ ಎರಡೂ ಬೆದೆಗೆ ಬರಲಿಲ್ಲ. ದನದ ಡಾಕ್ಟರು ನನಗೆ ಬಿಡಿಸಿ ಹೇಳಿದ್ದರು: ಬಲಿತ ಗಂಡಿನ ವಾಸನೆ, ಅದರ ಬಾಯಿನೊರೆ ಮೂಗಿಗೆ ಬಡಿದರೆ ಹೆಣ್ಣಿನ ಮೈಯಲ್ಲಿ ಹಾರ್ಮೋನು ಎಚ್ಚರಗೊಳ್ಳುತ್ತದೆ, ಹಿತ್ತಲಲ್ಲಿ ಬೇರೆ ಕಟ್ಟಿರುವ ಗಂಡುಹಂದಿಯನ್ನು ದಿನಾ ಬೆಳಿಗ್ಗೆ ಎದುರಿಗೆ ತಂದು ನಿಲ್ಲಿಸಿ ಎಂದು. ಆ ಕೆಲಸ ನಾದಿನಿಯಾದ ನನ್ನ ಪಾಲಿಗೆ ಬಂತು. ಆದರೆ ಆ ನಾತ! ಎಷ್ಟು ಸೋಪು ಹಚ್ಚಿದರೂ ಬಿಡದಂಥದ್ದು. ಹೊಲಿಗೆ ಕಲಿಯಲು ಕುರುಗೋಡಿಗೆ ಹೋಗುವ ಬಸ್ಸಿನಲ್ಲಿ ಯಾರಾದರೂ ಮೂಗು ಮುಚ್ಚಿಕೊಂಡರೆ — ಅಷ್ಟೇ ನನ್ನ ಕಷ್ಟ.

ನೀವು ನಿಮ್ಮನ್ನೇ ಬೈದುಕೊಂಡಿರಿ. ಮೊದಲೇ ಮಕ್ಕಳಾಗಲಿಲ್ಲವೆಂದು ಊರವರ ಬಾಯಿಗೆ ಸಿಕ್ಕಿದ್ದ ಜೀವ. ಗೊಡ್ಡೆಂದು ಕರಿಯನ್ನು ಬಳ್ಳಾರಿಯ ಮಾಂಸದಂಗಡಿಯವನ ಟೆಂಪೋಗೆ ಹತ್ತಿಸಿದ ದಿನ ಅಂದಿರಿ:

“ನನ್ನ ಕೈಗುಣಾನ ಇಷ್ಟು ಬಿಡವ್ವ. ನಾ ಸಾಕಿದ್ದು ಯಾವುದೂ ಫಲಾ ಕೊಡಂಗಿಲ್ಲ. ಇನ್ಮ್ಯಾಲೆ ನೀನ ತೌಡು ಹಾಕು.”

ಆಗಲಾದರೂ ನಾನು ಬಾಯಿ ಬಿಡಬೇಕಿತ್ತು —

ಮರುದಿನದಿಂದ ಸದ್ದಿಲ್ಲದೆ ಗಂಡನ್ನು ದೊಡ್ಡಿಗೆ ತಂದೆ. ಕೆಲವೇ ದಿನಗಳಲ್ಲಿ ಬಿಳಿಯ ಹಿಂಭಾಗ ಕೆಂಪೇರಿ ಊದಿತು; ಬೆನ್ನು ಒತ್ತಿದರೆ ಕಿವಿ ನಿಮಿರಿಸಿ ಕಂಬದ ಹಾಗೆ ನಿಂತಿತು — ಬೆದೆಗೆ ಬಂದಿತ್ತು. ನೀವು ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡಿರಿ.

“ನಿನ್ನ ಕೈಗುಣ ಬಂಗಾರ ಐತಿ ನೋಡವ್ವ!”

ನಾನು ನಕ್ಕೆ, ಒಪ್ಪಿಕೊಂಡವಳಂತೆ. ಆ ನಗುವೇ ಮೊದಲ ಸುಳ್ಳಿಗಿಂತ ದೊಡ್ಡ ತಪ್ಪು.

ಈಗ ಬಿಳಿಯ ವಂಶ ದೊಡ್ಡಿ ತುಂಬಿದೆ. ಸಂಜೆ ಮರಿಗಳು ನಿಮ್ಮ ಸೀರೆಯಂಚು ಜಗ್ಗಿದರೆ ನೀವು ಬೈಯುತ್ತಾ ನಗುತ್ತೀರಿ. ನಾನೂ ಸುಖವಾಗಿದ್ದೇನೆ, ಇಲ್ಲವೆನ್ನಲಾರೆ. ಆ ನಾತವೂ ಮೈಗೆ ಒಗ್ಗಿಹೋಗಿದೆ. ಆದರೆ ಹೊಸ ಮರಿ ಬಂದಾಗಲೆಲ್ಲ ನೀವು ದೂರ ನಿಲ್ಲುತ್ತೀರಿ — ಮೊದಲ ಹಿಡಿ ತೌಡನ್ನು ನನ್ನ ಕೈಯಿಂದಲೇ ಹಾಕಿಸುತ್ತೀರಿ. ಇಷ್ಟು ವರ್ಷ ಹಾಕಿದೆನಲ್ಲ, ನಾನು...

ನಾಳೆ ಸಿರುಗುಪ್ಪದಿಂದ ಹೊಸ ಮರಿಗಳು ಬರುತ್ತವೆ. ಅದಕ್ಕೂ ಮೊದಲೇ ಇದನ್ನೆಲ್ಲ ನಿಮ್ಮೆದುರು ಕೂತು ಹೇಳುತ್ತೇನೆ. ಬೈಯಿರಿ, ಮಾತು ಬಿಡಿ, ನಿಮ್ಮಿಷ್ಟ. ಕರಿಯಲ್ಲಿ ಕೊರತೆ ಇರಲಿಲ್ಲ ಅತ್ತಿಗೆ, ನಿಮ್ಮ ಕೈಯಲ್ಲೂ ಇರಲಿಲ್ಲ. ತೌಡಿನ ಬುಟ್ಟಿ ನಿಮ್ಮ ಮುಂದಿಟ್ಟು ದೂರ ನಿಲ್ಲುವವಳು ಈ ಸಲ ನಾನು.