ಕಂಬದ ಸುತ್ತಿನ ಹೊಸಾ ಗೆರಿ

ಬಾಸ್ಕೆಟ್‌ಬಾಲಿನ್ಯಾಗ ಮೂರು ಪಾಯಿಂಟಿನ ಗೆರಿ ಯಾಕ ಬಂತು ಅಂತ ಈಗಿನ ಹುಡುಗೂರನ್ನ ಕೇಳಿದ್ರ, ದೂರದಿಂದ ಹಾಕಾವ್ರಿಗೆ ಇನಾಮು ಅಂತಾರ. ನಮ್ಮ ಗದಗಿನ ಕಾಲೇಜಿನ್ಯಾಗ ಅದು ಬಂದ ರೀತಿನ ಬ್ಯಾರೆ. ಹೇಳ್ತೀನಿ, ನಗಬ್ಯಾಡ್ರಿ.

ಎಂಬತ್ತರ ದಶಕದ ನಡುವಿನ ಮಾತು. ಹುಡುಗ್ಯಾರ ಟೀಮಿನ್ಯಾಗ ನಾ ಗದಗಿನಾಕಿ, ಪೂಜಾರಿಕಿ ಮನೆತನದಾಕಿ. ಉಳಿದಾವ್ರೆಲ್ಲಾ ಹಾಸ್ಟೆಲಿನ್ಯಾಗ ಇರೋ, ಸುತ್ತಿನ ಹಳ್ಳಿ ಒಕ್ಕಲುತನದ ಮನಿ ಹುಡುಗ್ಯಾರು; ಊರ ಹೆಸರಿಲೇ ಕರೀತಿದ್ವಿ. ಬೆಳ್ಳಟ್ಟಿಯಾಕಿ ನಮ್ಮ ಕ್ಯಾಪ್ಟನ್. ಎತ್ತರ ಹುಡುಗಿ, ರಿಂಗಿನ ಬುಡಕ ನಿಂತಳಂದ್ರ ಮುಗೀತು, ಚೆಂಡು ಆಕಿದ. ಫೌಲ್ ಆದಾಗ ಎರಡು ಹಾಕಾಕ ಮೂರು ಎಸೆತ ಕೊಡೋ ನಿಯಮ ಇತ್ತು ಆವಾಗ. ಆಕಿಗೆ ಮೂರನೇದು ಬೇಕಾಗ್ತಿದ್ದಿಲ್ಲ. ಆ ಬ್ಯಾಸಿಗಿ ಸೂಟಿಯೊಳಗ ಆಕಿಗೆ ಕಾಮಣಿ ಆತು, ಕಣ್ಣು ಮೈ ಹಳದಿ ಆದ್ವು. ನಾಟಿ ಔಷಧ ಕೊಡಸಿದ್ರು, ಹುಬ್ಬಳ್ಳಿಗೆ ಒಯ್ದ್ರು. ಉಳೀಲಿಲ್ಲ.

ಸೂಟಿ ಮುಗಿಸಿ ಬಂದು ನೋಡ್ತೀವಿ, ಕೋರ್ಟಿನ ಈ ಕಡೆ ರಿಂಗಿನ ಕಂಬದ ಸುತ್ತ ಸುಣ್ಣದ ದೊಡ್ಡ ಕಮಾನು! ಆಕಿ ನಿಲ್ತಿದ್ದ ಜಾಗಾ ಪೂರ್ತಿ ಅದರೊಳಗ. ಕಂಬದ ಬುಡಕ ಒಡದ ಕಾಯಿ, ಕುಂಕುಮ, ಕೊಯ್ದ ಲಿಂಬಿಹಣ್ಣು. ಆಟ ಕಲಸೋ ಪಿ.ಡಿ. ಸರ್ ವರ್ಷಾ ವರ್ಷಾ ಕಾಯಿ ಒಡಸ್ತಿದ್ರು, ಅದು ಹೊಸಾದಲ್ಲ. ಆದ್ರ ಆ ಗೆರಿ ನಾವು ಎಂದೂ ನೋಡಿದ್ದಿಲ್ಲ. ಆ ಕಡೆ ಕಂಬಕ್ಕ ಇನ್ನೂ ಹಾಕಿದ್ದಿಲ್ಲ, ಸುಣ್ಣ ತೀರಿತ್ತಂತ.

ಹಿರೇವಡ್ಡಟ್ಟಿ ಹುಡುಗಿ ನಿಂತಲ್ಲೇ ನಿಂತಳು. "ಕಣದಾಗ ರಾಶಿ ಸುತ್ತ ಬೂದಿ ಗೆರಿ ಎಳೀತಾರಲ್ಲ, ಥೇಟ್ ಹಂಗ ಐತಿ. ಒಳಗಿಂದು ಒಳಗ, ಹೊರಗಿಂದು ಹೊರಗ."

"ಸತ್ತಾಕಿನ್ನ ಒಳಗ ಕಟ್ಟಿ ಹಾಕ್ಯಾರ" ಅಂದಳು ಯಳವತ್ತಿಯಾಕಿ.

ನಂಗ ಸಿಟ್ಟು ನೆತ್ತಿಗೇರಿತು. "ನಿಮ್ಮ ಬುದ್ಧಿಗಿಷ್ಟು ಬೆಂಕಿ ಹಚ್ಚಲಿ! ಕಾಲೇಜು ಕಲಿಯಾಕ ಬಂದೀರೋ ಏನು ದೆವ್ವ ಬಿಡಸಾಕ ಬಂದೀರೋ?" ಅಂದೆ. ಹಂಗಾರ ನೀನ ಒಳಗ ಹೋಗು ಅಂದ್ರು. ಹೋದೆ. ಸುಡೋ ಬಿಸಲಾಗ ಬರಿಗಾಲು ನಂದು. ಗೆರಿ ದಾಟಿದ ಕೂಡ್ಲೆ ಅಂಗಾಲು ತಣ್ಣಗಾತು, ಬಾವಿ ಮೆಟ್ಟಲಾ ಮೆಟ್ಟಿಧಂಗ. ಖರೆ ಹೇಳ್ತೀನಿ, ಹೊಳ್ಳಿ ಬಂದೆ.

ಮರುದಿನ ಸರ್ ಎಲ್ಲಾರನ್ನೂ ಕುಂಡ್ರಿಸಿ ಹೇಳಿದ್ರು: ನಿಯಮ ಬದಲಾಗ್ಯಾವ, ಮೂರನೇ ಎಸೆತ ಹೋತು, ಇನ್ನ ಈ ಗೆರಿ ಹೊರಗ ನಿಂತು ಹಾಕಿದ್ರ ಎರಡಲ್ಲ, ಮೂರು ಪಾಯಿಂಟು. ಯಳವತ್ತಿಯಾಕಿ ನನ್ನ ಕಿವ್ಯಾಗ, "ನೋಡಿದ್ಯಾ? ಒಳಗ ಹೋಗಬ್ಯಾಡ್ರಿ ಅಂತ ಬಾಯಿಬಿಟ್ಟು ಹೇಳವಲ್ರು, ಪಾಯಿಂಟಿನ ಆಸಿ ತೋರಸ್ತಾರ" ಅಂದಳು. ಮುಂದ ಆ ಕಡೆ ಕಂಬಕ್ಕೂ ಗೆರಿ ಬಿತ್ತು. ಆದ್ರ ಒಮ್ಮೆ ಹೊಕ್ಕ ಭಯ ಸುಣ್ಣ ನೋಡಿ ಹೋಗ್ತೈತೇನು?

ಯಾರೂ ಒಳಗ ಕಾಲಿಡವಲ್ರು. ಎಲ್ಲಾರೂ ಹೊರಗ ನಿಂತ ಎಸೀತಿದ್ವಿ. ಸಂಜಿಕ ಕಪ್ಪತಗುಡ್ಡದ ಗಾಳಿ ಬಿಟ್ಟಾಗ ರಿಂಗಿನ ಕಬ್ಬಿಣ ತಾನ ಕಿರ್ ಅಂತಿತ್ತು. ನಮ್ಮ ಕೋರ್ಟು ಕಂಬದ ಕಡೆ ಇಳುಕಲು. ಬಿದ್ದ ಚೆಂಡು ಅಲ್ಲೇ ಉಳೀಬೇಕಲ್ಲ? ಉಳೀತಿದ್ದಿಲ್ಲ. ಎರಡು ಸಲ ಪುಟದು, ಚೂರು ನಿಂತು, ಸಾವಕಾಶ ಉರುಳಿಕೋತ ನಮ್ಮ ಕಡೆ ಬರ್ತಿತ್ತು. ಬಂದದ್ದನ್ನ ಹಿಡಕೊಂಡು ಮತ್ತ ಎಸೀತಿದ್ವಿ.

ಆ ವರ್ಷನ ಸತ್ತಾಕಿ ತಂಗಿ ನಮ್ಮ ಕಾಲೇಜಿಗೆ ಬಂದಳು. ಆ ಹುಡುಗಿಗೆ ಈ ಮಾತು ಮುಟ್ಟಬಾರದಿತ್ತು. ಹಾಸ್ಟೆಲಿನ್ಯಾಗ ಮಾತು ಮುಚ್ಚಿಡಾಕ ಆಗ್ತೈತೇನ್ರಿ? ಕೇಳಿದ ದಿನದಿಂದ ಆಕಿ ಸೀದಾ ಗೆರಿಯೊಳಗ ಹೋಗಿ ನಿಲ್ಲಾಕ ಹತ್ತಿದಳು. ಸ್ವಲ್ಪ ಬಾಜೂಕ ಸರದು, ಇನ್ನೊಬ್ಬರಿಗೆ ಜಾಗಾ ಬಿಟ್ಟಂಗ. ಊಟ ಬಿಟ್ಟಳು. ಶನಿವಾರ ಊರಿಗೆ ಹೋಗೋದು ಬಿಟ್ಟಳು. ಕುತ್ತಿಗಿ ಎಲುಬು ಎದ್ದು ಕಾಣತಿದ್ವು. ನಾ ಬೈದೆ, ಕೈಮುಗದೆ.

"ಅಕ್ಕ ಇಲ್ಲೇ ಸಿಕ್ಕೊಂಡಾಳ್ರಿ ಅಕ್ಕಾರ. ಬಿಟ್ಟು ಹೆಂಗ ಹೋಗ್ಲಿ?"

ಅಕ್ಕನ ಹಿಂದ ಇದೂ ಹೋಗ್ತೈತಿ ಅನಿಸಿತು. ಓಡಿ ಹೋಗಿ ಸರ್‌ಗೆ ಹೇಳಿದೆ. ಅವರು ಮದಲ ನಕ್ರು, ಆಮ್ಯಾಲ ಆಕಿ ಹತ್ರ ಹೋಗಿ ಮೆತ್ತಗ ಅಂದ್ರು: "ಹುಚ್ಚಿ, ಇದು ಕಾಯದೆ. ನಾ ಒಬ್ಬಾಂವ ಹಾಕಿದ್ದಲ್ಲವ್ವಾ. ಇಡೀ ಜಗತ್ತಿನಾಗ ಈ ಗೆರಿ ಹಾಕ್ಯಾರ."

ಆಕಿ ಕಣ್ಣೆತ್ತಿ ಕೇಳಿದಳು: "ಇಡೀ ಜಗತ್ತಿನಾಗ ಎಷ್ಟು ಮಂದಿ ಸತ್ತಾರ್ರಿ ಸರ್?"

ಅವರ ಮಾರಿ ಬೆಳ್ಳಗಾತು. ಅವತ್ತ ಬೆಳ್ಳಟ್ಟಿಗೆ ಖಬರ ಕಳಸಿದ್ರು.

ಅವರವ್ವ ಮರುದಿನ ಮಧ್ಯಾಹ್ನದ ಬಸ್ಸಿಗೆ ಬಂದಳು. ತಲಿ ಮ್ಯಾಲ ಸೆರಗು, ಬಗಲಾಗ ರೊಟ್ಟಿ ಗಂಟು. ಮಗಳಿಗೆ ನಾಕು ಬಾರಿಸ್ತಾಳೋ, ನಮಗ ಬೈತಾಳೋ ಅಂತ ಅಂಜಿ ನಿಂತಿದ್ವಿ. ನಡದಿದ್ದೆಲ್ಲಾ ಸರ್ ಹೇಳಿದ್ರು. ಅವ್ವ ಗೆರಿ ಹತ್ರ ಕುಕ್ಕರಗಾಲಿಲೆ ಕುಂತು, ಅಂಗೈಲೆ ಸುಣ್ಣ ಒರಸಿ ಒಬ್ಬ ಮನಷ್ಯಾ ದಾಟೋ ಅಷ್ಟು ಬಾಗಲಾ ಮಾಡಿದಳು. ಸರ್ ತಡೀಲಿಲ್ಲ.

"ಬರ್ರವಾ" ಅಂದಳು. "ಇಬ್ರೂ ಬರ್ರಿ. ಬಸ್ಸಿನ ಹೊತ್ತಾತು, ಮನಿಗೆ ಹೋಗೂಣು."

ಒಳಗ ನಿಂತಿದ್ದ ಹುಡುಗಿ ಹೋ ಅಂತ ಅಳಕೋತ ಹೊರಗ ಬಂದು ಅವ್ವನ ಕುತ್ತಿಗಿಗೆ ಜೋತುಬಿದ್ದಳು. ಅವ್ವ ಮಾತ್ರ ಅಲ್ಲಿಂದ ಹಂದಲಿಲ್ಲ. ಕಂಬದ ಕಡೆ ನೋಡಿಕೋತ ನಿಂತಳು, ತಡಾ ಮಾಡೋ ಮಗಳನ್ನ ಕಾದಂಗ. ಗಾಳಿ ನಿಂತಿತ್ತು. ಸ್ವಲ್ಪ ಹೊತ್ತಿಗೆ "ಹೂಂ, ನಡೀರಿ" ಅಂದಳು.

ಅವ್ವ ಎಡಗೈಯಾಗ ಸಣ್ಣಾಕಿ ಕೈ ಹಿಡದಿದ್ದಳು. ಬಲಗೈ ಮಗ್ಗಲಕ ಚಾಚಿತ್ತು, ಬೆರಳು ಮಡಚಿದ್ವು, ಅದರಾಗ ಏನೂ ಇದ್ದಿಲ್ಲ. ಗೇಟಿನ ಹತ್ರ ಸೈಕಲ್ಲೊಂದು ಜೋರಾಗಿ ಅಡ್ಡ ಬಂತು. ಆಕಿ ಗಪ್ಪನ ಆ ಬಲಗೈನ ತನ್ನ ಕಡೆ ಎಳಕೊಂಡು, "ಹುಷಾರ ನನ್ನವ್ವಾ" ಅಂದಳು.